ಬುಟ್ಟಿ ಬಾಬುವಿನ ಮನೆ

ಪೆಟ್ಟಿಗೆಯ ಮುಚ್ಚಳ ತೆಗೆದ ಕೂಡಲೇ ಬಂದ ಆ ವಾಸನೆಯನ್ನು ನಾನು ಮೊದಲು ನಂಬಲಿಲ್ಲ. ಹೊಸ ಪ್ಲಾಸ್ಟಿಕ್ಕು, ಅದರೊಳಗೆ ಎಲ್ಲೋ ಸ್ವಲ್ಪ ಥರ್ಮೋಕೋಲು, ಜೊತೆಗೆ ಹೆಸರು ಗೊತ್ತಿಲ್ಲದ ಒಂದು ಸಿಹಿ. ಮೂವತ್ತು ವರ್ಷಗಳ ಹಿಂದೆ ನಮ್ಮ ಮನೆಯ ಚಾವಡಿಯಲ್ಲಿ ಗಲ್ಫಿನ ಪೆಟ್ಟಿಗೆಯ ಹಗ್ಗ ಕತ್ತರಿಸಿದಾಗ ಬರುತ್ತಿದ್ದದ್ದು ಇದೇ ವಾಸನೆ. ಇದೇ ಎಂದರೆ ಇದೇ. ಅದಕ್ಕೇ ನನಗೆ ಸಂಶಯ ಬಂತು. ಈಗಿನವರು ಚಿಪ್ಸಿಗೆ ಮಾವಿನಕಾಯಿಯ ರುಚಿ ಬೆರೆಸುತ್ತಾರೆ, ನೆಲ ಒರೆಸುವ ನೀರಿಗೆ ಮಲ್ಲಿಗೆಯ ಪರಿಮಳ ಬೆರೆಸುತ್ತಾರೆ. ನನ್ನಂಥವರನ್ನು ಬಲೆಗೆ ಕೆಡವಲು ಹಳೆಯ ಕಾಲದ ವಾಸನೆಯನ್ನೂ ಎಲ್ಲಾದರೂ ಶೀಶೆಯಲ್ಲಿ ತುಂಬಿಸಿ ಇಟ್ಟುಕೊಂಡಿರಬಹುದು.

ಪೆಟ್ಟಿಗೆಯೊಳಗೆ ಇದ್ದದ್ದು ಟಿವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮು. ಉಪ್ಪಳದ ಪೇಟೆಯಲ್ಲಿ, ಹೈವೇ ಅಗಲವಾದ ಮೇಲೆ ರಸ್ತೆಗಿಂತ ಒಂದಾಳು ಕೆಳಗೆ ಉಳಿದುಹೋದ ಸಾಲಿನಲ್ಲಿ ಒಂದು ಮೊಬೈಲ್ ಅಂಗಡಿ ಇದೆ. ಚಾರ್ಜರಿನ ವಯರು ಕೊಳ್ಳಲು ಅಲ್ಲಿಗೆ ಹೋದವಳು ಗಾಜಿನೊಳಗೆ ಇದನ್ನು ಕಂಡು ನಿಂತುಬಿಟ್ಟೆ. ಬೂದು ಬಣ್ಣದ ಡಬ್ಬಿ, ಎರಡು ಕೆಂಪು ಬಟನುಗಳ ಕಂಟ್ರೋಲು, ಅದಕ್ಕೆ ಗಿಡ್ಡ ವಯರು.

"ಇದು ಹಳೆಯದಾ, ಹೊಸತಾ?" ಎಂದು ಕೇಳಿದೆ.

"ಹೊಸ ಹಳೆಯದು ಮೇಡಂ," ಎಂದ ಅಂಗಡಿಯವ. "ಈಗ ಇದೇ ಹೋಗುವುದು. ಮಕ್ಕಳು ತಿರುಗಿ ಸಹ ನೋಡುವುದಿಲ್ಲ. ಅಪ್ಪಂದಿರು ಬಂದು ಕೈಯಲ್ಲಿ ಹಿಡಿದು ಕಣ್ಣೊರೆಸಿಕೊಳ್ಳುತ್ತಾರೆ."

"ಅಮ್ಮಂದಿರು?"

"ನೀವೇ ಮೊದಲು."

ನಾನು ಕಣ್ಣೊರೆಸಿಕೊಳ್ಳಲಿಲ್ಲ. ಡಬ್ಬಿಯನ್ನು ಬೋರಲು ಹಾಕಿ ತಳದ ಸ್ಕ್ರೂಗಳನ್ನು ಎಣಿಸಿದೆ. ನಾಲ್ಕು ಇರಬೇಕಾದಲ್ಲಿ ಮೂರು ಇತ್ತು. ಹಾಗಿದ್ದೂ ತೆಗೆದುಕೊಂಡು ಬಂದೆ ಎಂಬುದನ್ನು ನೀವು ಗಮನಿಸಬೇಕು, ಏಕೆಂದರೆ ನಾನು ಅಂಥವಳಲ್ಲ. ನನ್ನದು ರಿಜಿಸ್ಟ್ರಾರ್ ಆಫೀಸಿನಲ್ಲಿ ಗುಮಾಸ್ತೆಯ ಕೆಲಸ. ಜಾಗದ ದಸ್ತಾವೇಜುಗಳಲ್ಲಿ ಸಾಕ್ಷಿಗಳ ರುಜು ಸರಿಯಾಗಿದೆಯೇ, ಹೆಬ್ಬೆಟ್ಟು ನಿಜವಾಗಿ ಎಡಗೈಯದೇ ಎಂದು ನೋಡುತ್ತಾ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಕೆಲಸದಿಂದ ಈ ಗುಣ ಬಂತೋ, ಈ ಗುಣಕ್ಕೆ ಕೆಲಸ ಸಿಕ್ಕಿತೋ ಹೇಳಲಾರೆ. ಹಾಲಿನವನ ಲೀಟರನ್ನು ನಾನು ಮನೆಯ ಲೀಟರಿನಿಂದ ಅಳೆಯುತ್ತೇನೆ. ಡಾಕ್ಟರು ಭಯಪಡುವಂಥದ್ದೇನೂ ಇಲ್ಲ ಎಂದರೆ ಇನ್ನೊಬ್ಬ ಡಾಕ್ಟರನ್ನು ಕೇಳುತ್ತೇನೆ. ನನ್ನ ಗಂಡನಿಗೆ ಇದೆಲ್ಲ ಅಭ್ಯಾಸವಾಗಿದೆ. ಅವರು ಎಲ್ಲಿಗೆ ಹೋದರೂ ನಾನು ಕೇಳುವ ಮೊದಲೇ ಬಸ್ಸಿನ ಟಿಕೇಟನ್ನು ಮೇಜಿನ ಮೇಲೆ ಇಟ್ಟುಬಿಡುತ್ತಾರೆ.

ಹಳೆಯ ನೆನಪುಗಳ ಮೇಲೂ ನನಗೆ ಅಷ್ಟೊಂದು ವಿಶ್ವಾಸವಿಲ್ಲ. ಈಗ ಫೋನಿನಲ್ಲಿ ಯಾರನ್ನು ನೋಡಿದರೂ ನಮ್ಮ ಬಾಲ್ಯವೇ ಬಾಲ್ಯ ಎನ್ನುತ್ತಾರೆ. ಆಗ ಆಡಿದ ಆಟ, ಆಗ ತಿಂದ ಮಿಠಾಯಿ, ಆಗಿನ ಸ್ನೇಹ ಎಂದು ಪಟ್ಟಿ ಮಾಡುತ್ತಾರೆ. ನಾನು ಓದುವಾಗೆಲ್ಲ ಇದಕ್ಕೆ ಸಾಕ್ಷಿ ಯಾರು ಎಂದು ಮನಸ್ಸಿನಲ್ಲೇ ಕೇಳಿಕೊಳ್ಳುತ್ತೇನೆ. ಬರೆಸಿಕೊಂಡವನೂ ಅವನೇ, ಬರೆದುಕೊಟ್ಟವನೂ ಅವನೇ ಆದ ಕಾಗದವನ್ನು ನಮ್ಮ ಆಫೀಸಿನಲ್ಲಿ ಮುಟ್ಟುವುದಿಲ್ಲ. ನಾನು ಇಲ್ಲಿ ಹೇಳುವುದನ್ನು ನೀವೂ ಸ್ವಲ್ಪ ಹಾಗೆಯೇ ನೋಡಿ. ನಮ್ಮ ಮನೆಯ ಮಾತೆಲ್ಲ ತುಳು. ಅದನ್ನು ಇಲ್ಲಿ ಕನ್ನಡದಲ್ಲಿ ಹೇಳುವಾಗಲೇ ಅಲ್ಲಲ್ಲಿ ಏನಾದರೂ ಜಾರಿರುತ್ತದೆ.

ನಮ್ಮ ಮನೆಗೆ ಮೊದಲು ವಿಡಿಯೋ ಗೇಮು ತಂದದ್ದು ತಮ್ಮಣ್ಣ ಮಾವ. ಅಮ್ಮನ ತಮ್ಮ, ಗಲ್ಫಿನಲ್ಲಿ ಒಂದು ಗೋಡೌನಿನ ಉಸ್ತುವಾರಿ ನೋಡಿಕೊಂಡಿದ್ದವರು. ಅವರು ಊರಿಗೆ ಬಂದರೆ ಮರುದಿನ ಬೆಳಿಗ್ಗೆ ಚಾವಡಿಯಲ್ಲಿ ಪೆಟ್ಟಿಗೆ ಬಿಚ್ಚುವುದು ಒಂದು ಕ್ರಮ. ಸಂಬಂಧಿಕರೆಲ್ಲ ಸೇರುವವರೆಗೆ ಹಗ್ಗ ಕತ್ತರಿಸುವಂತಿಲ್ಲ. ಮೇಲೆ ಸಾಬೂನು, ಅದರ ಕೆಳಗೆ ಹಾಲಿನ ಪುಡಿಯ ಡಬ್ಬ, ಅದರ ಕೆಳಗೆ ಬಟ್ಟೆ, ತಳದಲ್ಲಿ ಮಕ್ಕಳಿಗೆ ಸೇರಬೇಕಾದದ್ದು. ಯಾರದು ಏನು ಎಂದು ಎಲ್ಲರ ಎದುರೇ ತೀರ್ಮಾನವಾದರೆ ಮತ್ತೆ ಮುಖ ಊದಿಸುವಂತಿಲ್ಲ ಎಂಬುದು ಅಜ್ಜಿಯ ಲೆಕ್ಕಾಚಾರ. ಆ ಸಲ ತಳದಿಂದ ಬಂದದ್ದು ಈ ಗೇಮು ಮತ್ತು ಅದರ ಜೊತೆ ಒಂದೇ ಒಂದು ಹಳದಿ ಕ್ಯಾಸೆಟ್ಟು. ಕ್ಯಾಸೆಟ್ಟಿನ ಮೇಲೆ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟಗಳಿವೆ ಎಂದು ಬರೆದಿತ್ತು.

"ಮದುವೆಯಾಗುವವರೆಗೆ ಆಡಿದರೂ ಮುಗಿಯುವುದಿಲ್ಲ," ಎಂದರು ಮಾವ, ನನ್ನ ತಲೆ ಸವರಿ.

ನಾನು ಎರಡು ದಿನ ಕೂತು ಒಂದೊಂದಾಗಿ ತೆರೆದು ನೋಡಿದೆ. ಮೂವತ್ತೇಳು ಆಟಗಳು. ಮೂವತ್ತೆಂಟನೆಯದು ಪುನಃ ಮೊದಲನೆಯದೇ, ಹೆಸರು ಮಾತ್ರ ಬೇರೆ, ಅಂಗಿಯ ಬಣ್ಣ ಬೇರೆ. ಊಟಕ್ಕೆ ಕೂತಾಗ ಎಲ್ಲರಿಗೂ ಕೇಳುವ ಹಾಗೆ ಇದನ್ನು ಹೇಳಿದೆ. ಮಾವನ ಮುಖ ಸಣ್ಣದಾಯಿತು. ನನಗೆ ಆಗ ಹದಿಮೂರು ವರ್ಷ. ಒಬ್ಬರ ಮುಖ ಸಣ್ಣದು ಮಾಡುವುದರಲ್ಲಿ ಎಂಥ ಸುಖವಿದೆ ಎಂದು ತಿಳಿದದ್ದು ಆ ಊಟದಲ್ಲೇ.

ಆ ಮೂವತ್ತೇಳರಲ್ಲಿ ನಾವು ನಿಜವಾಗಿ ಆಡಿದ್ದು ಒಂದೇ. ಹೆಸರು ಯಾವುದೋ ಚೌಕದ ಅಕ್ಷರಗಳಲ್ಲಿ ಇತ್ತು, ಓದಲು ಯಾರಿಗೂ ಬಾರದು. ಒಬ್ಬ ಗಿಡ್ಡ ಮನುಷ್ಯ ತಲೆಯ ಮೇಲೆ ಬುಟ್ಟಿ ಹೊತ್ತು ಓಡುತ್ತಾನೆ. ಹೊಂಡ ಬಂದರೆ ಹಾರಬೇಕು, ಮೇಲಿನಿಂದ ಕಾಗೆ ಕಲ್ಲು ಹಾಕಿದರೆ ತಪ್ಪಿಸಬೇಕು, ಬುಟ್ಟಿ ಬಿದ್ದರೆ ಆಟ ಮುಗಿಯಿತು. ನಾವು ಅವನಿಗೆ ಬುಟ್ಟಿ ಬಾಬು ಎಂದು ಹೆಸರಿಟ್ಟೆವು. ಎಂಟು ಊರು ದಾಟಿದರೆ ಪುನಃ ಮೊದಲನೇ ಊರು ಬರುತ್ತದೆ, ಕಾಗೆಗಳು ಹೆಚ್ಚಾಗಿರುತ್ತವೆ, ಓಟ ಜೋರಾಗಿರುತ್ತದೆ. ಇದಕ್ಕೆ ಕೊನೆಯೇ ಇಲ್ಲ, ಸುತ್ತುತ್ತಲೇ ಇರುವುದು ಎಂದು ನಮಗೆಲ್ಲ ಖಾತ್ರಿಯಾಗಿತ್ತು.

ತೊಂದರೆ ಇದ್ದದ್ದು ಕರೆಂಟಿನದು. ಆ ವರ್ಷಗಳಲ್ಲಿ ಪ್ರತಿದಿನ ಸಂಜೆ ಸರದಿಯ ಪ್ರಕಾರ ಅರ್ಧ ಗಂಟೆ ಕರೆಂಟು ತೆಗೆಯುತ್ತಿದ್ದರು. ಗೇಮಿನ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಕರೆಂಟು ಹೋಯಿತೆಂದರೆ ಬೆಳಿಗ್ಗೆಯಿಂದ ಯಾರು ಎಷ್ಟು ಪಾಯಿಂಟು ಮಾಡಿದ್ದಾರೆ ಎಂಬುದೆಲ್ಲ ಸೊನ್ನೆ. ಮೊದಮೊದಲು ಇದರಿಂದ ಜಗಳಗಳಾದವು. ನಾನು ಅಷ್ಟು ಮಾಡಿದ್ದೆ, ನೀನು ಇಷ್ಟೇ ಮಾಡಿದ್ದು ಎಂದು ಕೈ ಕೈ ಮಿಲಾಯಿಸುವವರೆಗೆ ಹೋಯಿತು. ಕೊನೆಗೆ ದಿನೇಶಣ್ಣ ಒಂದು ನಿಯಮ ಮಾಡಿದ. ದಿನೇಶಣ್ಣ ಎಂದರೆ ನನ್ನ ಅಣ್ಣ, ನನಗಿಂತ ಎರಡು ವರ್ಷಕ್ಕೆ ದೊಡ್ಡವ. ಯಾರೇ ದೊಡ್ಡ ಪಾಯಿಂಟು ಮಾಡಿದರೂ ಕರೆಂಟು ಹೋಗುವ ಮೊದಲು ಇಬ್ಬರು ಸಾಕ್ಷಿಗಳು ಪರದೆಯನ್ನು ನೋಡಿ ಪುಸ್ತಕದಲ್ಲಿ ರುಜು ಹಾಕಬೇಕು. ಸಾಕ್ಷಿ ಇಲ್ಲದ್ದು ಆಗದ್ದಕ್ಕೆ ಸಮ. ಪುಸ್ತಕ ನನ್ನ ಕೈಗೆ ಬಂತು. ರುಜುವಿನ ಓರೆಕೋರೆ ನೋಡುವ ನನ್ನ ಉದ್ಯೋಗ ಅಲ್ಲಿಂದಲೇ ಶುರುವಾಯಿತು ಎನ್ನಬಹುದು.

ಆಟದಲ್ಲಿ ನಮ್ಮೆಲ್ಲರಿಗಿಂತ ಮೇಲಿದ್ದವಳು ವಾರಿಜಾ. ನಮ್ಮ ಕಂಪೌಂಡಿನ ಆಚೆಯ ಮನೆಯವಳು, ನನ್ನದೇ ಕ್ಲಾಸು. ಅವಳ ಅಮ್ಮ ಕಲ್ಯಾಣಿಯಕ್ಕ ಬೀಡಿ ಕಟ್ಟುತ್ತಿದ್ದರು. ವಾರಿಜಾ ಶಾಲೆಗೆ ಹೊರಡುವ ಮೊದಲು ಒಂದಷ್ಟು, ಬಂದ ಮೇಲೆ ಒಂದಷ್ಟು ಬೀಡಿ ಸುತ್ತಿ ಆಮೇಲೆ ನಮ್ಮಲ್ಲಿಗೆ ಬರುತ್ತಿದ್ದಳು. ಎಲೆ ಸುರುಳಿ ಮಾಡಿ, ಬಾಯಿ ಮಡಚಿ, ನೂಲು ಸುತ್ತುವ ಆ ಬೆರಳುಗಳಿಗೆ ಎರಡು ಬಟನು ಯಾವ ಲೆಕ್ಕ. ಅಡಾಪ್ಟರು ಬಿಸಿಯಾದರೆ ನಾವೆಲ್ಲ ಸರದಿಯಲ್ಲಿ ಅಡಿಕೆ ಹಾಳೆಯ ಬೀಸಣಿಗೆಯಿಂದ ಅದಕ್ಕೆ ಗಾಳಿ ಹಾಕುತ್ತಿದ್ದೆವು. ಹೆಚ್ಚಾಗಿ ಅವಳು ಆಡುವುದು, ನಾವು ಬೀಸುವುದು. ಇದು ನನಗೆ ಸಹಿಸುತ್ತಿರಲಿಲ್ಲ. ಗೇಮು ನಮ್ಮದು, ಟಿವಿ ನಮ್ಮದು, ಮಾವ ನಮ್ಮವರು. ಅದರ ಮೇಲೆ ಅವಳು ಟಿವಿಯ ಬುಡಕ್ಕೇ ಹೋಗಿ, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಕೂರುತ್ತಿದ್ದಳು. ಅವಳ ತಲೆ ಅಡ್ಡ ಬಂದು ನಮಗೆ ಅರ್ಧ ಪರದೆಯೂ ಕಾಣುತ್ತಿರಲಿಲ್ಲ. ಹಿಂದೆ ಸರಿ ಎಂದರೆ ಒಂದು ಗೇಣು ಸರಿದು, ಎರಡು ನಿಮಿಷದಲ್ಲಿ ಪುನಃ ಮುಂದೆ ಬರುವಳು. ನಾವು ನೋಡಿ ಕಲಿಯಬಾರದೆಂದೇ ಹೀಗೆ ಮಾಡುತ್ತಾಳೆ ಎಂದು ನಾನು ಅಣ್ಣನ ಕಿವಿಯಲ್ಲಿ ಹೇಳಿದ್ದೆ.

ಒಂದು ಭಾನುವಾರ ನಮ್ಮವರೆಲ್ಲ ಸಂಬಂಧಿಕರೊಬ್ಬರ ಹೊಸ ಮನೆಯ ಗೃಹಪ್ರವೇಶಕ್ಕೆ ಹೋದೆವು. ಅಜ್ಜಿಗೆ ಮಂಡಿ ನೋವು. ಅವರ ಜೊತೆಗೆ ಇರಲು ಅಮ್ಮ ವಾರಿಜಾಳನ್ನು ಕರೆದು ಕೂರಿಸಿದರು. ನಾವು ತಿರುಗಿ ಬರುವಾಗ ಏಳು ಗಂಟೆ ಕಳೆದಿತ್ತು, ಕರೆಂಟು ಹೋಗಿತ್ತು. ವಾರಿಜಾ ಚಿಮಣಿ ದೀಪ ಹಿಡಿದು ಮೆಟ್ಟಿಲಲ್ಲೇ ನಿಂತಿದ್ದಳು. ನಾವು ಚಪ್ಪಲಿ ಬಿಡುವುದಕ್ಕೂ ಅವಳಿಗೆ ತಾಳ್ಮೆ ಇರಲಿಲ್ಲ.

"ಅದು ಮುಗಿಯುತ್ತದೆ," ಎಂದಳು. "ಮೂರು ಸುತ್ತು ಆದ ಮೇಲೆ ಮೊದಲನೇ ಊರು ಬರುವುದಿಲ್ಲ. ಕಡಲು ಬರುತ್ತದೆ. ಕಡಲ ಕರೆಯಲ್ಲಿ ಒಂದು ಮನೆ ಉಂಟು. ಬಾಗಿಲು ತೆಗೆದು ಒಬ್ಬಳು ಹೆಂಗಸು ಬಂದು ಅವನ ತಲೆಯಿಂದ ಬುಟ್ಟಿ ಇಳಿಸುತ್ತಾಳೆ."

ದಿನೇಶಣ್ಣ ನನ್ನ ಮುಖ ನೋಡಿದ. ನಾನು ಕೇಳಿದೆ, "ಸಾಕ್ಷಿ ಯಾರು?"

"ಅಜ್ಜಿ ಇದ್ದರು."

ಅಜ್ಜಿಯನ್ನು ವಿಚಾರಿಸಿದೆವು. ಅವರು ಚಾಪೆಯಲ್ಲಿ ಎದ್ದು ಕೂತು, "ಎಂತದೋ ಮನೆ ಕಂಡಿತು ಮಗಾ. ಟಿವಿಯಲ್ಲಿ ಯಾವಾಗಲೂ ಎಂತಾದರೂ ಕಾಣುತ್ತದಲ್ಲ," ಎಂದರು. ನಾನು ಆ ಹೇಳಿಕೆಯನ್ನು ತಳ್ಳಿಹಾಕಿದೆ. ವಾರ್ತೆ ಓದುವವಳು ನಮಸ್ಕಾರ ಎಂದರೆ ತಿರುಗಿ ಕೈಮುಗಿಯುತ್ತಿದ್ದ ಅಜ್ಜಿ ಅವರು. ಅವರ ಸಾಕ್ಷಿಯನ್ನು ಹೇಗೆ ನಂಬುವುದು? ಆಮೇಲೆ ವಾರಿಜಾಳನ್ನು ಪ್ರಶ್ನೆ ಮಾಡಿದೆ. ಮನೆಗೆ ಎಷ್ಟು ಕಿಟಕಿ, ಹೆಂಗಸಿನ ಸೀರೆಗೆ ಯಾವ ಬಣ್ಣ, ಎಷ್ಟು ಪಾಯಿಂಟು ಆಗಿತ್ತು? ಕಿಟಕಿ ಎರಡು, ಸೀರೆಯಲ್ಲ ಲಂಗ, ಪಾಯಿಂಟು ನೋಡಲಿಲ್ಲ ಎಂದಳು. ಪಾಯಿಂಟು ನೋಡಲಿಲ್ಲ ಎಂಬಲ್ಲಿ ನಾನು ಹಿಡಿದುಕೊಂಡೆ. ಗೆದ್ದವಳು ಪಾಯಿಂಟು ನೋಡದೆ ಇರುತ್ತಾಳೆಯೇ? ಪುಸ್ತಕದಲ್ಲಿ ಆ ದಿನದ ಎದುರು ಬುರುಡೆ ಎಂದು ಬರೆದು, ಕೆಳಗೆ ನಾನೂ ಅಣ್ಣನೂ ರುಜು ಹಾಕಿದೆವು. ಆಕೆಗೂ ತೋರಿಸಿದೆವು.

ಮಾತು ಅಲ್ಲಿಗೇ ನಿಲ್ಲಲಿಲ್ಲ. ಶಾಲೆಯಲ್ಲಿ ಅವಳು ಏನು ಹೇಳಿದರೂ ಕಡಲು ಬಂತಾ, ಮನೆ ಬಂತಾ ಎಂದು ಕೇಳುವುದು ರೂಢಿಯಾಯಿತು. ಕಲ್ಯಾಣಿಯಕ್ಕನ ಕಿವಿಗೂ ಹೋಯಿತು. ಇನ್ನೊಬ್ಬರ ಮನೆಯ ಸಾಮಾನು ಮುಟ್ಟುವುದಲ್ಲದೆ ಸುಳ್ಳು ಬೇರೆ ಹೇಳುತ್ತೀಯಾ ಎಂದು ಬೀಡಿ ಎಲೆಯ ಮೊರದಲ್ಲೇ ಬಡಿದರಂತೆ. ವಾರಿಜಾ ನಮ್ಮಲ್ಲಿಗೆ ಬರುವುದನ್ನು ಬಿಟ್ಟಳು. ಆಡುವವರಿಲ್ಲದೆ ಗೇಮು ಕೆಲವೇ ತಿಂಗಳಲ್ಲಿ ಅಟ್ಟ ಸೇರಿತು. ಮುಂದೆ ಅವಳಿಗೆ ನೆಕ್ರಾಜೆಯ ಕಡೆಗೆ ಮದುವೆಯಾಯಿತು. ನಾನು ಊಟಕ್ಕೆ ಹೋಗಿ ಬಂದೆ, ಹೆಚ್ಚು ಮಾತಾಡಲಿಲ್ಲ. ಆ ಸುಳ್ಳನ್ನು ಅವಳು ಒಪ್ಪಿಕೊಳ್ಳಲಿಲ್ಲವಲ್ಲ ಎಂಬ ಅಸಮಾಧಾನ, ನಂಬಿದರೆ ನಂಬಿ, ಆ ದಿನವೂ ನನ್ನಲ್ಲಿ ಸ್ವಲ್ಪ ಇತ್ತು.

ಇಷ್ಟೆಲ್ಲ ನೆನಪಾದದ್ದು ಮೂರು ಸ್ಕ್ರೂಗಳ ಈ ಹೊಸ ಹಳೆಯ ಡಬ್ಬಿಯನ್ನು ಟಿವಿಗೆ ಸಿಕ್ಕಿಸಿದ ಮೇಲೆ. ಇದರಲ್ಲಿ ಐನೂರು ಆಟಗಳಂತೆ. ನಾನು ಕೂತು ಎಣಿಸಿದೆ. ನೂರ ಎಂಬತ್ತು ದಾಟುವಾಗ ಬುಟ್ಟಿ ಬಾಬು ಎದುರು ಬಂದು ನಿಂತ. ಎದೆ ಒಮ್ಮೆ ಹಾರಿತು, ಸುಳ್ಳು ಹೇಳುವುದಿಲ್ಲ. ಅದೇ ನೆಗೆತ, ಅದೇ ಕಾಗೆ, ಹೊಂಡಕ್ಕೆ ಬಿದ್ದಾಗ ಅದೇ ಪೀಂ ಎನ್ನುವ ಸ್ವರ. ಈಗಿನದರಲ್ಲಿ ಒಂದು ಸೌಕರ್ಯ ಇದೆ. ಎಲ್ಲಿ ಬೇಕಾದರೂ ನಿಲ್ಲಿಸಿ ಉಳಿಸಬಹುದು, ನಾಳೆ ಅಲ್ಲಿಂದಲೇ ಮುಂದುವರಿಸಬಹುದು. ಇದು ಮೋಸವೇ ಸರಿ. ಆದರೂ ಬಳಸಿದೆ.

"ಇದು ಎಂತಕ್ಕೆ ಈಗ?" ಎಂದರು ಗಂಡ.

"ಒಂದು ವಿಷಯ ಖಾತ್ರಿ ಮಾಡಲಿಕ್ಕುಂಟು," ಎಂದೆ. ಅವರು ಮತ್ತೆ ಕೇಳಲಿಲ್ಲ. ನಮ್ಮ ಮನೆಯಲ್ಲಿ ಅದು ಸಾಕಷ್ಟು ದೊಡ್ಡ ಕಾರಣ.

ಖಾತ್ರಿ ಮಾಡಬೇಕಾದದ್ದು ಏನೆಂದು ನನಗೆ ಗೊತ್ತಿತ್ತು. ಮೂರನೇ ಸುತ್ತಿನ ಕೊನೆಯಲ್ಲಿ ಪುನಃ ಮೊದಲನೇ ಊರು ಬರಬೇಕು. ಬಂದರೆ ನಾನು ಹದಿಮೂರನೇ ವಯಸ್ಸಿನಲ್ಲಿ ಬರೆದದ್ದು ಸರಿ. ಮೂರು ಭಾನುವಾರ ಹಿಡಿಯಿತು. ನನ್ನ ಹೆಬ್ಬೆರಳು ಬಾತುಹೋಯಿತು. ಮೂರನೇ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಇಪ್ಪತ್ತನಾಲ್ಕನೇ ಊರಿನ ಕೊನೆಯ ಹೊಂಡ ಹಾರಿದೆ. ಪರದೆ ಕಪ್ಪಾಯಿತು. ಮತ್ತೆ ಬೆಳಗಿದಾಗ ಕಡಲು ಕಂಡಿತು.

ಕಡಲ ಕರೆಯಲ್ಲಿ ಒಂದು ಮನೆ. ಕಿಟಕಿ ಎರಡು. ಬಾಗಿಲು ತೆರೆಯಿತು, ಲಂಗದ ಹೆಂಗಸೊಬ್ಬಳು ಹೊರಗೆ ಬಂದು ನಿಂತಳು. ಅದರ ಮೇಲೆ ಚೌಕದ ಅಕ್ಷರಗಳು ಸುರಿದವು. ನಾನು ಹೇಗೋ ಫೋನು ಎತ್ತಿ ವಿಡಿಯೋ ಮಾಡಿಕೊಂಡೆ.

ಮೊದಲು ಬಂದ ಯೋಚನೆ ಯಾವುದೆಂದು ಹೇಳಿದರೆ ನೀವು ನಗಬಹುದು. ಈ ಡಬ್ಬಿ ನಕಲಿ, ಮನೆಯನ್ನು ಆಮೇಲೆ ಯಾರೋ ಸೇರಿಸಿರಬೇಕು ಎಂದುಕೊಂಡೆ. ಆದರೆ ಸೇರಿಸಿದವನಿಗೆ ನಮ್ಮ ಮೆಟ್ಟಿಲಲ್ಲಿ ನಿಂತು ವಾರಿಜಾ ಹೇಳಿದ ಕಿಟಕಿಯ ಸಂಖ್ಯೆ ಹೇಗೆ ಗೊತ್ತಾಗಬೇಕು? ಆ ಪುಸ್ತಕ ಈಗ ಎಲ್ಲಿದೆಯೋ, ಗೆದ್ದಲು ತಿಂದಿರಬೇಕು. ಅದರಲ್ಲಿ ಬರೆದ ಪದ ಮಾತ್ರ ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು.

ಮುಂದಿನ ಶನಿವಾರ ನೆಕ್ರಾಜೆಗೆ ಹೊರಟೆ. ಕಾಸರಗೋಡಿಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ನಾನು ಹೇಳಬೇಕಾದ ಮಾತನ್ನು ಜೋಡಿಸುತ್ತಾ ಕೂತೆ. ಅದರಲ್ಲಿ ನಾನು ಸಾಕಷ್ಟು ಒಳ್ಳೆಯವಳಾಗಿ ಕಾಣುತ್ತಿದ್ದೆ. ತಪ್ಪನ್ನು ತಾನೇ ಹುಡುಕಿ ತೆಗೆದು, ಪುರಾವೆ ಸಮೇತ ಮನೆ ಬಾಗಿಲಿಗೆ ತಲುಪಿಸುವವರು ಈ ಕಾಲದಲ್ಲಿ ಎಷ್ಟು ಜನ ಇದ್ದಾರೆ, ನೀವೇ ಹೇಳಿ.

ವಾರಿಜಾ ರಸ್ತೆಯ ಬದಿಯಲ್ಲೇ ಹೊಲಿಗೆಯ ಅಂಗಡಿ ಇಟ್ಟುಕೊಂಡಿದ್ದಾಳೆ. ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಶಾಲೆಯ ಯೂನಿಫಾರ್ಮಿಗೆ ಕಾಲರು ಕೂರಿಸುತ್ತಿದ್ದಳು. ತಲೆ ಎತ್ತಿ ಒಂದು ಗಳಿಗೆ ನೋಡಿ, "ಎಂತ ಮಾರಾಯ್ತಿ, ದಾರಿ ತಪ್ಪಿತಾ?" ಎಂದಳು. ಸ್ಟೂಲು ಎಳೆದು ಕೂರಿಸಿದಳು, ಒಳಗೆ ಹೋಗಿ ಬೆಲ್ಲದ ಕಾಫಿ ತಂದಳು. ಅವಳ ಮಗಳು ಕಾರಡ್ಕದಲ್ಲಿ ಟೀಚರಂತೆ, ಗಂಡನಿಗೆ ಬೆನ್ನುನೋವಂತೆ. ನನ್ನ ಮನೆಯದನ್ನೆಲ್ಲ ಕೇಳಿದಳು. ಜೋಡಿಸಿಕೊಂಡು ಬಂದ ಮಾತು ಬಾಯಿಗೆ ಬರಲೇ ಇಲ್ಲ.

ಕೊನೆಗೆ ಹೀಗೆ ಶುರು ಮಾಡಿದೆ. "ಆ ಬುಟ್ಟಿ ಬಾಬುವಿನ ಆಟ ನೆನಪುಂಟಾ? ನಾನು ಮೊನ್ನೆ ಅದನ್ನು ಮುಗಿಸಿದೆ. ನೀನು ಹೇಳಿದ ಮನೆ ಉಂಟು."

ಅವಳು ಮೆಷಿನಿನ ಗಾಲಿಗೆ ಕೈ ಇಟ್ಟು ನಿಲ್ಲಿಸಿದಳು. ಆಮೇಲೆ, "ಆಟದ್ದು ಬಿಡು. ಬೋರ್ಡಿನದ್ದು ನೆನಪುಂಟಾ ನಿನಗೆ?" ಎಂದಳು.

"ಯಾವ ಬೋರ್ಡು?"

"ಒಂಬತ್ತನೇ ಕ್ಲಾಸಿನಲ್ಲಿ ನನಗೆ ಬೋರ್ಡಿನಲ್ಲಿ ಬರೆದದ್ದು ಕಾಣುತ್ತಿರಲಿಲ್ಲ. ಟೀಚರು ಅಮ್ಮನಿಗೆ ಹೇಳಿ ಕಳಿಸಿದರು, ಕಣ್ಣು ತೋರಿಸಿ ಎಂದು. ಇದು ನಿಜವೋ, ಓದಲಿಕ್ಕೆ ಉದಾಸೀನವಾಗಿ ನೆಪ ಹೇಳುವುದೋ ಎಂದು ಅಮ್ಮನಿಗೆ ಗೊತ್ತಾಗದೆ ನಿಮ್ಮ ಅಮ್ಮನನ್ನು ಕೇಳಲಿಕ್ಕೆ ಬಂದರು. ನಾನೂ ಹಿಂದೆಯೇ ಇದ್ದೆ. ನೀನು ಬಾಗಿಲಲ್ಲಿ ನಿಂತಿದ್ದೆ. ಇವಳಿಗೆ ಇಲ್ಲದ ಮನೆ ಕಾಣುತ್ತದೆ, ಇದ್ದ ಬೋರ್ಡು ಕಾಣುವುದಿಲ್ಲವಾ ಎಂದೆ ನೀನು. ಎಲ್ಲರೂ ನಗಾಡಿದರು. ಅಮ್ಮನೂ ನಗಾಡಿದರು. ಮತ್ತೆ ಕಣ್ಣಿನ ಮಾತು ಯಾರೂ ಎತ್ತಲಿಲ್ಲ."

ಅವಳ ಸ್ವರದಲ್ಲಿ ಸಿಟ್ಟು ಇರಲಿಲ್ಲ. ಯಾರದೋ ಅಳತೆ ಹೇಳುವ ಹಾಗೆ ಹೇಳಿದಳು. ಎಸ್ಸೆಸ್ಸೆಲ್ಸಿ ಎರಡು ಸಲ ಕಟ್ಟಿ, ಎರಡು ಸಲವೂ ಫೇಲಾದಳು. ಇದು ನನಗೆ ಗೊತ್ತಿತ್ತು, ಬುದ್ಧಿ ಕಡಿಮೆ ಎಂದುಕೊಂಡಿದ್ದೆ. ಬಸ್ಸುಗಳನ್ನು ಬಣ್ಣ ನೋಡಿ ಗುರುತಿಸುತ್ತಿದ್ದಳಂತೆ. ಮದುವೆಯಾದ ಮೇಲೆ ಅಕ್ಕಿ ಆರಿಸುವಾಗ ಅಕ್ಕಿ ಬಿಸಾಡಿ ಕಲ್ಲು ಉಳಿಸುವುದನ್ನು ಕಂಡು ಅತ್ತೆಯೇ ಕೈಹಿಡಿದು ಕಣ್ಣಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋದರಂತೆ. ಆಗ ಅವಳಿಗೆ ಇಪ್ಪತ್ತಮೂರು.

ಈಗ ಒಂದು ನಾಚಿಕೆಯ ವಿಷಯ ಹೇಳಬೇಕು. ನನಗೆ ಆ ಮಾತು ಆಡಿದ್ದು ನೆನಪೇ ಇಲ್ಲ. ಕಿಟಕಿ ಎಷ್ಟೆಂದು ಕೇಳಿದ್ದು ನೆನಪಿದೆ, ಮಾವನ ಮುಖ ಸಣ್ಣದಾದದ್ದು ನೆನಪಿದೆ, ಇದು ಇಲ್ಲ. ಅದಕ್ಕೇ ಅವಳು ಹೇಳುತ್ತಿರುವಾಗಲೇ ಒಳಗೆ ಒಂದು ಸ್ವರ ಕೇಳಿತು. ಹೀಗೆ ನಿಜವಾಗಿ ಆಯಿತೇ, ಇವಳು ಈಗ ಸೇರಿಸಿ ಹೇಳುತ್ತಿದ್ದಾಳೆಯೇ? ಅವಳ ಕನ್ನಡಕದ ಗಾಜಿನ ದಪ್ಪ ನೋಡುತ್ತಾ, ಅವಳೇ ಮಾಡಿಕೊಟ್ಟ ಕಾಫಿ ಕೈಯಲ್ಲಿ ಹಿಡಿದುಕೊಂಡು ನಾನು ಇದನ್ನು ಯೋಚಿಸಿದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅವಳು ಟಿವಿಯ ಬುಡದಲ್ಲಿ ಕೂರುತ್ತಿದ್ದದ್ದು ಯಾಕೆಂದು ಆ ಕ್ಷಣದವರೆಗೆ ನನಗೆ ಹೊಳೆದಿರಲಿಲ್ಲ.

"ತಪ್ಪಾಯಿತು ವಾರಿಜಾ," ಎಂದೆ. ಕಾಫಿಯ ಲೋಟ ಕೆಳಗಿಟ್ಟು ಕಣ್ಣೊರೆಸಿಕೊಂಡೆ.

"ಆಯಿತು ಮಾರಾಯ್ತಿ. ಈಗ ಕೂಗಿ ಕಣ್ಣೀರು ಬೀಳಿಸಬೇಡ, ಯೂನಿಫಾರ್ಮಿನ ಬಟ್ಟೆ ಉಂಟು ಎದುರು," ಎಂದಳು. ಸೀರೆಯ ಸೆರಗಲ್ಲಿ ಕನ್ನಡಕ ಒರೆಸಿಕೊಂಡು ಕೈ ಚಾಚಿದಳು. "ತೋರಿಸು. ವಿಡಿಯೋ ಮಾಡಿರುತ್ತಿ ನೀನು. ಮಾಡದೆ ಇರುವವಳಲ್ಲ."

ತೋರಿಸಿದೆ. ಅವಳು ಫೋನನ್ನು ಹತ್ತಿರ ಹಿಡಿದು ನೋಡಿದಳು. ಕಡಲು, ಮನೆ, ಬಾಗಿಲು, ಹೆಂಗಸು, ಅಕ್ಷರ. ಮುಗಿಯಿತು. ಪುನಃ ಮೊದಲಿನಿಂದ ಹಾಕಿ ಇನ್ನೊಮ್ಮೆ ನೋಡಿದಳು. ನಾನು ಅವಳ ಮುಖ ಅರಳುವುದನ್ನೇ ಕಾಯುತ್ತಿದ್ದೆ. ಅಷ್ಟಾದರೂ ಕೊಟ್ಟು ಹೋಗುತ್ತೇನೆ ಎಂದುಕೊಂಡಿದ್ದೆ.

"ಇದಲ್ಲ," ಎಂದಳು.

"ಇದೇ ಅಲ್ವಾ? ಕಡಲು, ಮನೆ, ಎರಡು ಕಿಟಕಿ."

"ಮನೆ ಅದೇ. ಆದರೆ ಇವಳು ಸುಮ್ಮನೆ ನಿಂತಿದ್ದಾಳೆ. ನಾನು ನೋಡಿದ್ದರಲ್ಲಿ ಅವಳು ಬಂದು ಬುಟ್ಟಿ ಇಳಿಸಿದಳು. ಇದರಲ್ಲಿ ಬುಟ್ಟಿ ಅವನ ತಲೆಯಲ್ಲೇ ಉಂಟು, ನೋಡು." ಫೋನನ್ನು ನನ್ನ ಕಡೆಗೆ ತಿರುಗಿಸಿದಳು. ಹೌದು, ತಲೆಯಲ್ಲೇ ಇತ್ತು. ಮನೆ ಕಂಡ ಗಾಬರಿಯಲ್ಲಿ ನಾನು ಅದನ್ನು ನೋಡಿಯೇ ಇರಲಿಲ್ಲ.

ಹೂಂ ಎಂದಿದ್ದರೆ ಅವಳು ಗೆದ್ದುಬಿಡುತ್ತಿದ್ದಳು. ಮೂವತ್ತು ವರ್ಷಗಳ ಮೇಲೆ ಪುರಾವೆಯನ್ನು ಅವಳ ಕೈಯಲ್ಲೇ ಇಟ್ಟಿದ್ದೆ. ಅವಳು ಅದನ್ನು ತಿರುಗಿ ಕೊಟ್ಟಳು, ತಾನು ಕಂಡದ್ದು ಅದಲ್ಲ ಎಂಬ ಒಂದೇ ಕಾರಣಕ್ಕೆ. ಆ ಹಳದಿ ಕ್ಯಾಸೆಟ್ಟಿನಲ್ಲಿ ಬೇರೆಯೇ ಕೊನೆ ಇತ್ತೋ ಏನೋ, ತಿಳಿಯುವ ದಾರಿ ಈಗ ಇಲ್ಲ. ಹುಡುಕಬೇಕೆಂದು ನನಗೆ ಅನಿಸಲೂ ಇಲ್ಲ. ಬದಲಿಗೆ ಇನ್ನೊಂದು ವಿಷಯ ಹೊಳೆಯಿತು. ಕಿಟಕಿ ಕೇಳಿದೆವು, ಬಟ್ಟೆಯ ಬಣ್ಣ ಕೇಳಿದೆವು, ಪಾಯಿಂಟು ಕೇಳಿದೆವು. ಅವಳು ಅಷ್ಟು ಸಂತೋಷದಲ್ಲಿ ಹೇಳಲು ನಿಂತದ್ದನ್ನು ಪೂರ್ತಿ ಕೇಳಿಸಿಕೊಂಡವರು ಯಾರೂ ಇರಲಿಲ್ಲ.

"ಬುಟ್ಟಿ ಇಳಿಸಿದ ಮೇಲೆ ಎಂತ ಆಯಿತು?" ಎಂದು ಕೇಳಿದೆ.

ಅವಳು ನನ್ನನ್ನು ಸ್ವಲ್ಪ ಅನುಮಾನದಿಂದಲೇ ನೋಡಿದಳು. ಅದು ನ್ಯಾಯವೇ. ಆಮೇಲೆ ಹೇಳಿದಳು. "ಅವನು ಕೂತ. ಜಗಲಿಯಲ್ಲಿ. ಅಷ್ಟು ದಿವಸ ಆಡಿದ್ದೆವಲ್ಲ, ಅವನಿಗೆ ಕೂರಲಿಕ್ಕೆ ಬರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ. ಅವಳು ಬುಟ್ಟಿ ಹಿಡಿದುಕೊಂಡು ಒಳಗೆ ಹೋದಳು. ಅವನು ಕಡಲು ನೋಡುತ್ತಾ ಕೂತಿದ್ದ. ನಾನೂ ಕೂತಿದ್ದೆ. ಅಲ್ಲಿಗೆ ಕರೆಂಟು ಹೋಯಿತು."

"ಬುಟ್ಟಿಯಲ್ಲಿ ಎಂತ ಇತ್ತು?"

"ಅದು ಕಾಣಲಿಲ್ಲ," ಎಂದಳು ವಾರಿಜಾ. "ಕಂಡಿದ್ದರೆ ಆವತ್ತೇ ಹೇಳುತ್ತಿದ್ದೆ."

ತಿರುಗಿ ಬರುವ ಬಸ್ಸಿನಲ್ಲಿ ಸೀಟು ಸಿಕ್ಕಿತು. ದಿನೇಶಣ್ಣ ಈಗ ಶಾರ್ಜಾದಲ್ಲಿದ್ದಾನೆ. ನಮ್ಮ ಮನೆಯವರದೊಂದು ವಾಟ್ಸಾಪ್ ಗುಂಪಿದೆ, ಆವತ್ತು ಮೆಟ್ಟಿಲಲ್ಲಿ ಇದ್ದವರೆಲ್ಲ ಅದರಲ್ಲಿದ್ದಾರೆ. ಆ ವಿಡಿಯೋವನ್ನು ಅದಕ್ಕೆ ಹಾಕಬೇಕೆಂದು ಹೋಗುವಾಗ ಯೋಚಿಸಿದ್ದೆ. ಹಾಕಲಿಲ್ಲ. ಅಂದು ವಾರಿಜಾ ಹೇಳಿದ್ದೆಲ್ಲ ನಿಜ, ಸುಳ್ಳುಗಾರಳೆಂದು ಬರೆದದ್ದು ನನ್ನ ತಪ್ಪು, ಅವಳ ಕಣ್ಣಿನ ವಿಷಯದಲ್ಲಿ ಆಡಿದ್ದು ಅದಕ್ಕಿಂತ ದೊಡ್ಡ ತಪ್ಪು ಎಂದು ಬರೆದು ಕಳಿಸಿದೆ. ಚೆರ್ಕಳ ದಾಟುವಷ್ಟರಲ್ಲಿ ಅಣ್ಣನ ಉತ್ತರ ಬಂತು.

"ಪ್ರೂಫ್ ಉಂಟಾ?"

"ಇಲ್ಲ," ಎಂದು ಬರೆದೆ. "ಅವಳು ಹೇಳಿದಳು."